ಗ್ರಂಥಾಲಯದ ಬೀಗ ತೆಗೆದ ರಂಗನಾಥನ್ನರು

ಮಹನೀಯರ ಜೀವನಚರಿತ್ರೆಯನ್ನು ಬರೆಯಲು ಹೊರಟವರು ರಾಜರನ್ನೋ ಕವಿಗಳನ್ನೋ ದೇಶಭಕ್ತರನ್ನೋ ಆರಿಸಿಕೊಳ್ಳುವುದು ನಮ್ಮ ಕಾಲೇಜು ಸಂಚಿಕೆಗಳಲ್ಲಿ ನಡೆದುಬಂದ ಪದ್ಧತಿ. ನಾನಾದರೋ ಈ ಸಲ ಒಬ್ಬ ಗ್ರಂಥಪಾಲರ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ಗ್ರಂಥಪಾಲನೆಂದರೆ ಪುಸ್ತಕ ಕೊಟ್ಟು ಸಹಿ ಹಾಕಿಸಿಕೊಳ್ಳುವವನು, ತಡವಾದರೆ ದಂಡ ವಸೂಲು ಮಾಡುವವನು, ಅವನದೂ ಒಂದು ಚರಿತ್ರೆಯೇ ಎಂದು ಕೆಲವರು ನಗಬಹುದು. ಕೆಲವು ತಿಂಗಳ ಹಿಂದೆ ನಾನೂ ನಗುತ್ತಿದ್ದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ನಾಲ್ಕನೆಯ ತರಗತಿಯವರೆಗೆ ಓದಿದವರು. ತಾಯಿಗೆ ಅಕ್ಷರ ಬಾರದು. ಮನೆಯಲ್ಲಿದ್ದ ಪುಸ್ತಕವೆಂದರೆ ಗೋಡೆಗೆ ತೂಗುಹಾಕಿದ್ದ ಪಂಚಾಂಗವೊಂದೇ. ನಾನು ಬಾಲ್ಯದಲ್ಲಿ ಕಂಡ ಒಂದು ವಾಚನಾಲಯದಲ್ಲಿ ಗಾಜಿನ ಬೀರು ಇತ್ತು, ಬೀರುವಿನ ತುಂಬ ಕಾದಂಬರಿಗಳಿದ್ದವು, ಬೀಗವೂ ಇತ್ತು. ಕೀಲಿಕೈ ಯಾರ ಬಳಿ ಇದೆಯೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಾಜಿನ ಈಚೆ ನಿಂತು ಪುಸ್ತಕಗಳ ಹೆಸರನ್ನಷ್ಟೇ ಓದಿಕೊಂಡು ಹಿಂತಿರುಗುತ್ತಿದ್ದೆ.

ಕಾಲೇಜಿಗೆ ಸೇರಿದ ಮೇಲೆ ಸಹಪಾಠಿಯೊಬ್ಬನು ಸಾರ್ವಜನಿಕ ಗ್ರಂಥಾಲಯದ ಇ-ಪುಸ್ತಕಗಳನ್ನು ಮೊಬೈಲಿನಲ್ಲಿಯೇ ಎರವಲು ಪಡೆಯಬಹುದೆಂದು ತೋರಿಸಿಕೊಟ್ಟನು. ನಮ್ಮ ಮನೆಯಲ್ಲಿರುವುದು ಒಂದೇ ಮೊಬೈಲು. ಹಗಲೆಲ್ಲ ಅದು ತಂದೆಯವರ ಜೇಬಿನಲ್ಲಿರುತ್ತದೆ. ಆದ್ದರಿಂದ ನನ್ನ ಗ್ರಂಥಾಲಯದ ಬಾಗಿಲು ತೆರೆಯುವುದು ರಾತ್ರಿ ಊಟವಾದ ಮೇಲೆ. ಎಲ್ಲರ ಬಾಯಲ್ಲಿಯೂ ಇದ್ದ ಹೊಸ ಕಾದಂಬರಿಯೊಂದನ್ನು ಹಾಗೆ ಪಡೆದು, ತಾಯಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದೆ. ಕಾಸು ಕೊಡದೆ, ಯಾರ ಶಿಫಾರಸೂ ಇಲ್ಲದೆ, ಕೂಲಿಕಾರನ ಮಗನಿಗೆ ಪುಸ್ತಕ ಸಿಗಬೇಕೆಂದು ಮೊದಲು ನಿಶ್ಚಯಿಸಿದವರು ಯಾರಿರಬಹುದು ಎಂಬ ಪ್ರಶ್ನೆ ಆ ರಾತ್ರಿ ಹುಟ್ಟಿತು. ಹುಡುಕುತ್ತ ಹೋದಾಗ ದೊರೆತ ಹೆಸರುಗಳಲ್ಲಿ ನಮ್ಮ ದೇಶದ ಮಟ್ಟಿಗೆ ಹಿರಿದಾದುದು ಎಸ್. ಆರ್. ರಂಗನಾಥನ್ನರದು.

ಇವರು 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಮಾತು ತೊದಲುತ್ತಿತ್ತು. ಆದರೂ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ವ್ಯಾಸಂಗ ಮಾಡಿ ಎಂ.ಎ. ಪದವಿಯನ್ನು ಪಡೆದು, 1917ರಲ್ಲಿ ಅಧ್ಯಾಪಕರಾದರು. ಅವರು ಮೊದಲು ಪಾಠ ಹೇಳಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎಂಬುದು ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯಾದ ನನಗೆ ಹೆಮ್ಮೆಯ ಸಂಗತಿ. ಅನಂತರ ಕೊಯಮತ್ತೂರಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕೆಲಸ ಮಾಡಿದರು.

ಅಧ್ಯಾಪಕರ ಸಂಬಳ ಸಾಲುತ್ತಿರಲಿಲ್ಲ. ಆಗ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಪಾಲರ ಹುದ್ದೆಗೆ ಅರ್ಜಿ ಕರೆದಿದ್ದರು. ಸ್ನೇಹಿತರ ಒತ್ತಾಯಕ್ಕೆ ಇವರೂ ಅರ್ಜಿ ಹಾಕಿದರು. ಅರ್ಜಿದಾರರು ಸುಮಾರು 900 ಮಂದಿ. ಗ್ರಂಥಾಲಯದ ವಿಷಯವಾಗಿ ರಂಗನಾಥನ್ನರಿಗಿದ್ದ ತಿಳಿವಳಿಕೆಯೆಂದರೆ, ಸಂದರ್ಶನಕ್ಕೆ ಮುಂಚೆ ವಿಶ್ವಕೋಶವೊಂದರಲ್ಲಿ ಓದಿಕೊಂಡಿದ್ದಷ್ಟೆ! ಆದರೂ ಹುದ್ದೆ ಅವರಿಗೇ ದೊರೆಯಿತು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು. ವಿದ್ಯಾರ್ಥಿಗಳ ನಡುವೆ ಇದ್ದವರಿಗೆ ಅಲ್ಲಿನ ಏಕಾಂತ ಸಹಿಸಲಾಗಲಿಲ್ಲ. ಮತ್ತೆ ಪಾಠ ಹೇಳುವ ಕೆಲಸಕ್ಕೇ ಕಳುಹಿಸಿರೆಂದು ಮೊರೆಯಿಟ್ಟರು. ಮೊದಲು ಇಂಗ್ಲೆಂಡಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬರಲಿ, ಆಮೇಲೂ ಬೇಡವೆನ್ನಿಸಿದರೆ ಕಾಲೇಜಿಗೆ ಹಿಂತಿರುಗಲಿ ಎಂದು ಹಿರಿಯರು ತೀರ್ಮಾನಿಸಿದರು.

ಈ ಪ್ರಯಾಣವೇ ಅವರ ಬಾಳನ್ನು ತಿರುಗಿಸಿತು. ಲಂಡನ್ನಿನಲ್ಲಿ ಗ್ರಂಥಾಲಯಶಾಸ್ತ್ರವನ್ನು ಕಲಿಯುತ್ತ, ಆ ದೇಶದ ನೂರಕ್ಕೂ ಮೇಲ್ಪಟ್ಟ ಗ್ರಂಥಾಲಯಗಳನ್ನು ನೋಡಿದರು. ಅಲ್ಲಿ ಕಾರ್ಮಿಕರೂ ಹೆಂಗಸರೂ ಮಕ್ಕಳೂ ತಮತಮಗೆ ಬೇಕಾದ ಪುಸ್ತಕವನ್ನು ಒಯ್ಯುತ್ತಿದ್ದರು. ಪುಸ್ತಕಗಳನ್ನು ಕಾಯುವುದಕ್ಕಿಂತ ಹಂಚುವುದು ದೊಡ್ಡ ಕೆಲಸವೆಂಬ ಅರಿವು ಅವರಿಗೆ ಅಲ್ಲಿ ಮೂಡಿತು. ಅಂಗಡಿಯೊಂದರಲ್ಲಿ ಮೆಕಾನೊ ಎಂಬ ಆಟಿಕೆಯನ್ನು ಕಂಡರು. ಅವೇ ಕೆಲವು ಪಟ್ಟಿ, ತಿರುಪುಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಬೇರೆ ಬೇರೆ ಬೊಂಬೆಗಳಾಗುತ್ತಿದ್ದವು. ಪುಸ್ತಕದ ವಿಷಯವನ್ನೂ ಹೀಗೆಯೇ ಅಂಶಗಳಾಗಿ ಬಿಡಿಸಿ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾಗಿ ಜಗತ್ಪ್ರಸಿದ್ಧವಾದ ಕೋಲನ್ ವರ್ಗೀಕರಣ ಪದ್ಧತಿಯ ಮೂಲ ಇದು.

1925ರಲ್ಲಿ ಹಿಂತಿರುಗಿದ ರಂಗನಾಥನ್ನರು ಮತ್ತೆ ಗಣಿತದ ಕಡೆಗೆ ಹೋಗಲಿಲ್ಲ. ಓದುಗರು ತಾವೇ ಕಪಾಟುಗಳ ಬಳಿಗೆ ಹೋಗಿ ಪುಸ್ತಕ ಆರಿಸಿಕೊಳ್ಳಲು ಅವಕಾಶ ಕೊಟ್ಟರು. ಬಾಗಿಲು ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾದಾಗ ಅದರ ಕಾರ್ಯದರ್ಶಿಯಾದರು. 1931ರಲ್ಲಿ ಅವರ ಪ್ರಸಿದ್ಧವಾದ ಐದು ಸೂತ್ರಗಳ ಗ್ರಂಥ ಅಚ್ಚಾಯಿತು. ಪುಸ್ತಕವಿರುವುದು ಬಳಕೆಗೆ, ಓದುಗನೊಬ್ಬೊಬ್ಬನಿಗೂ ಅವನ ಪುಸ್ತಕ ದೊರೆಯಬೇಕು, ಪುಸ್ತಕವೊಂದೊಂದಕ್ಕೂ ಅದರ ಓದುಗ ದೊರೆಯಬೇಕು, ಓದುಗನ ಕಾಲ ವ್ಯರ್ಥವಾಗಬಾರದು, ಗ್ರಂಥಾಲಯವೆಂಬುದು ಬೆಳೆಯುವ ಜೀವಿ. ಇವೇ ಆ ಸೂತ್ರಗಳ ತಾತ್ಪರ್ಯ. ಅದೇ ವರ್ಷ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಒಯ್ಯುವ ಸಂಚಾರಿ ಗ್ರಂಥಾಲಯವನ್ನು ಕನಕಸಭೈ ಪಿಳ್ಳೆ ಎಂಬುವರು ಹೊರಡಿಸಿದರು. ಜನ ಪುಸ್ತಕದ ಬಳಿಗೆ ಬರಲಾರದಿದ್ದರೆ ಪುಸ್ತಕವೇ ಜನರ ಬಳಿಗೆ ಹೋಗಬೇಕೆಂಬ ತತ್ತ್ವ ಗಾಡಿಯ ಚಕ್ರವೇರಿತು. ನನ್ನ ಕೈಯ ಮೊಬೈಲು ಆ ಗಾಡಿಯ ಮರಿಮಗಳೆಂದೇ ನನ್ನ ಭಾವನೆ.

ದಾನಿಗಳ ಔದಾರ್ಯವನ್ನೇ ನಂಬಿದರೆ ಗ್ರಂಥಾಲಯ ಬಹುಕಾಲ ನಿಲ್ಲದು, ಕಾನೂನಿನ ಆಸರೆ ಬೇಕು ಎಂದು ಕಂಡುಕೊಂಡು ಅವರು 1930ರಷ್ಟು ಹಿಂದೆಯೇ ಮಾದರಿ ಮಸೂದೆಯೊಂದನ್ನು ರಚಿಸಿದ್ದರು. 1948ರಲ್ಲಿ ಮದರಾಸು ಪ್ರಾಂತ್ಯದ ಶಾಸನವಾಯಿತು. 1945ರಿಂದ ಕಾಶಿಯಲ್ಲಿ, 1947ರಿಂದ ದೆಹಲಿಯಲ್ಲಿ ಸೇವೆ ಸಲ್ಲಿಸಿ, ಕೆಲವು ಕಾಲ ಜೂರಿಕ್ ನಗರದಲ್ಲಿದ್ದು, 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಗ್ರಂಥಾಲಯಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಇಲ್ಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆಯೂ ಅವರ ಶ್ರಮವಿದೆ. ಕಟ್ಟಡ, ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಲ್ಲುವುದು ಈ ಕಾಯಿದೆಯಿಂದಲೇ. ತಾವು ಕೂಡಿಟ್ಟಿದ್ದ 1 ಲಕ್ಷ ರೂಪಾಯಿಗಳನ್ನು ಪತ್ನಿ ಶಾರದಾ ಅವರ ಹೆಸರಿನ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಕಾಲವಾದರು.

ಅವರು ಇ-ಪುಸ್ತಕವನ್ನು ಕಾಣಲಿಲ್ಲ. ನಮ್ಮ ರಾಜ್ಯದ ಗ್ರಂಥಾಲಯ ಇಲಾಖೆ ಡಿಜಿಟಲ್ ಗ್ರಂಥಾಲಯವನ್ನು ಆರಂಭಿಸಿದ್ದು 2020ರಲ್ಲಿ. ಆದರೆ ಅವರ ಸೂತ್ರಗಳು ಇಲ್ಲಿಯೂ ನಮ್ಮನ್ನು ಪ್ರಶ್ನಿಸುತ್ತವೆ. ಇ-ಪುಸ್ತಕಕ್ಕೆ ಹಾಳೆ ಹರಿಯುವ ಭಯವಿಲ್ಲ. ಏಕಕಾಲಕ್ಕೆ ಸಾವಿರ ಮಂದಿ ಓದಬಹುದು. ಹೀಗಿದ್ದರೂ ಎಷ್ಟೋ ದೇಶಗಳ ಗ್ರಂಥಾಲಯಗಳಲ್ಲಿ ಜನಪ್ರಿಯವಾದ ಹೊಸ ಇ-ಪುಸ್ತಕಕ್ಕೆ ಓದುಗರು ಸರದಿಯಲ್ಲಿ ಕಾಯುತ್ತಾರೆ, ಏಕೆಂದರೆ ಒಂದು ಪರವಾನಗಿಗೆ ಒಂದು ಸಲಕ್ಕೆ ಒಬ್ಬನೇ ಓದುಗನೆಂಬುದು ಪ್ರಕಾಶಕರ ನಿಯಮ. 2011ರಲ್ಲಿ ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆಯೊಂದು, 26 ಸಲ ಎರವಲು ಕೊಟ್ಟ ಮೇಲೆ ಗ್ರಂಥಾಲಯವು ಇ-ಪುಸ್ತಕವನ್ನು ಮತ್ತೆ ಕೊಳ್ಳಬೇಕೆಂದು ವಿಧಿಸಿತು. ಲೇಖಕನೂ ಪ್ರಕಾಶಕನೂ ಬದುಕಬೇಕು, ನಿಜ. ಆದರೆ ನನಗೆ ನೆನಪಾದುದು ಆ ಗಾಜಿನ ಬೀರು. ಬೀಗ ಕಣ್ಣಿಗೆ ಕಾಣದಿದ್ದರೂ ಬೀಗವೇ. ಮೊಬೈಲು ಕೊಳ್ಳಲಾರದವನಿಗಂತೂ ಇಡೀ ಗ್ರಂಥಾಲಯವೇ ಬೀಗ ಹಾಕಿದ ಬೀರು.

ಜನಪ್ರಿಯ ಕಾದಂಬರಿಗಳನ್ನು ಕೀಳಾಗಿ ಕಾಣುವ ಸಹಪಾಠಿಗಳೂ ಇದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಪುಸ್ತಕವೊಂದೊಂದಕ್ಕೂ ಅದರ ಓದುಗನಿದ್ದಾನೆಂಬ ಸೂತ್ರವನ್ನು ಮಾತ್ರ ಜ್ಞಾಪಿಸುತ್ತೇನೆ. ಅಕ್ಷರ ಬಾರದ ನನ್ನ ತಾಯಿ ಆ ಕಾದಂಬರಿಯ ಕೊನೆಯ ಅಧ್ಯಾಯ ಮುಗಿದಾಗ ದೀಪ ಆರಿಸಗೊಡದೆ, ಆ ಹುಡುಗಿ ಮುಂದೆ ಏನಾದಳೆಂದು ನನ್ನನ್ನು ವಿಚಾರಿಸಿದರು. ಓದುಗರ ಪಟ್ಟಿಯಲ್ಲಿ ಅವರ ಹೆಸರೂ ಇರತಕ್ಕದ್ದು.

ಬಿ.ಎ. ಮುಗಿದೊಡನೆ ಗ್ರಂಥಾಲಯ ವಿಜ್ಞಾನದ ವ್ಯಾಸಂಗಕ್ಕೆ ಅರ್ಜಿ ಹಾಕಬೇಕೆಂದು ನಿಶ್ಚಯಿಸಿದ್ದೇನೆ. ಇಷ್ಟು ಓದಿಸಿದ್ದು ಬೀರುವಿನ ಪಕ್ಕದಲ್ಲಿ ಕೂರುವುದಕ್ಕೋ ಎಂದು ತಂದೆಯವರಿಗೆ ಬೇಸರ. ಅವರ ಬೇಸರ ಅನ್ಯಾಯದ್ದಲ್ಲ. ಮನೆಗೆ ಸಂಬಳ ಬೇಗ ಬೇಕಾಗಿದೆ. ರಂಗನಾಥನ್ನರೂ ಸಂಬಳಕ್ಕಾಗಿಯೇ, ಮನಸ್ಸಿಲ್ಲದೆಯೇ ಈ ಕೆಲಸಕ್ಕೆ ಬಂದವರೆಂದು ಅವರಿಗೆ ಹೇಳಿದ್ದೇನೆ. ಇನ್ನೂ ಒಪ್ಪಿಲ್ಲ. ಈ ಲೇಖನ ಅಚ್ಚಾದ ಮೇಲೆ ಒಂದು ರಾತ್ರಿ ಇದನ್ನೂ ಗಟ್ಟಿಯಾಗಿ ಓದಬೇಕೆಂದಿದ್ದೇನೆ. ತಾಯಿಯ ಪಕ್ಕದಲ್ಲಿ ತಂದೆಯವರೂ ಕುಳಿತು ಕೇಳಲಿ.