ಗುಂಡರ್ಟರೂ ಓಡಿಹೋದ ಮೊಮ್ಮಗನೂ

ಡಾಕ್ಟರ್ ಹೆರ್ಮನ್ ಗುಂಡರ್ಟರ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ವಿರಳ. ಮಲಯಾಳಕ್ಕೆ ವ್ಯಾಕರಣವನ್ನೂ ನಿಘಂಟನ್ನೂ ಕೊಟ್ಟ ಪಾದ್ರಿಗಳೆಂದು ಶಾಲೆಯ ಮಕ್ಕಳೂ ಅವರನ್ನು ಬಲ್ಲರು. ತಂದೆಯಾಗಿ, ಅಜ್ಜನಾಗಿ ಅವರು ಹೇಗಿದ್ದರೆಂಬುದು ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಹದಿಹರೆಯದ ಮಕ್ಕಳೊಡನೆ ಮಾತು ಬೆಳೆಸಲಾರದೆ ಕಂಗೆಡುವ ತಂದೆತಾಯಂದಿರು ಎಲ್ಲ ಮತಗಳಲ್ಲೂ ಇರುವಾಗ ಆ ಸಂಗತಿಯನ್ನು ನಾವು ಸ್ಮರಿಸುವುದು ಉಚಿತವೇ ಸರಿ.

ಗುಂಡರ್ಟರು ಹುಟ್ಟಿದ್ದು 1814ರ ಫೆಬ್ರವರಿ 4ರಂದು, ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಪಾದ್ರಿಗಳಾಗತಕ್ಕ ಹುಡುಗರನ್ನು ತಯಾರು ಮಾಡುತ್ತಿದ್ದ ಮೌಲ್‌ಬ್ರಾನ್ ಶಾಲೆಯಲ್ಲಿ ಓದಿದರು. ಮುಂದೆ ಯೇಸುವಿನ ಚರಿತ್ರೆಯನ್ನು ವಿಮರ್ಶಿಸಿ ಕೋಲಾಹಲವೆಬ್ಬಿಸಿದ ಡಾವಿಡ್ ಸ್ಟ್ರೌಸ್ ಅಲ್ಲಿ ಅವರಿಗೆ ಗುರುವಾಗಿದ್ದರು. ತರುಣ ಗುಂಡರ್ಟರ ನಂಬಿಕೆ ಅಲುಗಾಡಿತು. ಬಹಳ ತೊಳಲಾಟದ ಬಳಿಕವೇ ಅದು ಮತ್ತೆ ಬೇರೂರಿತು.

1836ರಲ್ಲಿ ಅವರು ಭಾರತಕ್ಕೆ ಬಂದರು. 1838ರಲ್ಲಿ ಜೂಲಿ ದ್ಯುಬ್ವಾ ಎಂಬವರನ್ನು ವಿವಾಹವಾಗಿ, ಮಂಗಳೂರಿನ ಬಾಸೆಲ್ ಮಿಷನನ್ನು ಸೇರಿದರು. ಮಂಗಳೂರ ಸಮಾಚಾರವನ್ನು ಹೊರತಂದ ಮೋಗ್ಲಿಂಗರು ಅವರ ಆಪ್ತಮಿತ್ರರು. 1839ರಿಂದ ತಲಶ್ಶೇರಿಯ ಇಲ್ಲಿಕುನ್ನು ಅವರ ನೆಲೆಯಾಯಿತು. ಅಲ್ಲಿಂದಲೇ 1847ರಲ್ಲಿ ರಾಜ್ಯಸಮಾಚಾರಂ ಹೊರಬಂತು. 1857ರಲ್ಲಿ ಸರಕಾರ ಅವರನ್ನು ಮಲಬಾರ್ ಮತ್ತು ಕೆನರಾ ಶಾಲೆಗಳ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತು. ಆಗ ಕಾಸರಗೋಡು ಕೆನರಾಕ್ಕೆ ಸೇರಿದ್ದುದರಿಂದ ನಮ್ಮ ಸೀಮೆಯೂ ಅವರ ಅಧಿಕಾರವ್ಯಾಪ್ತಿಗೆ ಒಳಪಟ್ಟಿತ್ತು.

ಅದೇ ವರ್ಷ ಮಗಳು ಮರೀ ಯುರೋಪಿನಿಂದ ಮರಳಿದಳು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಈ ಮಗಳನ್ನು, ಮಿಷನರಿಗಳ ವಾಡಿಕೆಯಂತೆ, ಎಳವೆಯಲ್ಲೇ ವಿದ್ಯಾಭ್ಯಾಸಕ್ಕಾಗಿ ದೂರ ಬಿಟ್ಟಿದ್ದರು. ಹದಿನೈದರ ಹುಡುಗಿ, ಹಡಗಿನಲ್ಲಿ ಒಬ್ಬ ಆಂಗ್ಲ ತರುಣನ ಪರಿಚಯವಾಗಿ ಅನುರಾಗ ಬೆಳೆಯಿತು. ಅವನು ವಿವಾಹಕ್ಕೆ ಅನುಮತಿ ಬೇಡಿದಾಗ ಗುಂಡರ್ಟರು ಒಪ್ಪಲಿಲ್ಲ. ತಂದೆಗೆ ಅದು ಕರ್ತವ್ಯವೆಂದೇ ತೋರಿರಬೇಕು. ಮಗಳು ಮಾತ್ರ ಕೊರಗಿದಳು. ಕ್ರಮೇಣ ಅವಳೂ ತಂದೆಯ ಭಕ್ತಿಮಾರ್ಗದಲ್ಲೇ ಸಮಾಧಾನ ಕಂಡುಕೊಂಡಳು.

ಅನಾರೋಗ್ಯದಿಂದ 1859ರಲ್ಲಿ ಸ್ವದೇಶಕ್ಕೆ ಹೊರಟ ಗುಂಡರ್ಟರು ಕಾಲ್ವ್ ಎಂಬ ಊರಿನಲ್ಲಿ ನೆಲಸಿ, ನಿಘಂಟಿನ ಕೆಲಸವನ್ನು ಮುಂದುವರಿಸಿದರು. 1872ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಮೊದಲ ಗಂಡನನ್ನು ಕಳೆದುಕೊಂಡಿದ್ದ ಮರೀ 1874ರಲ್ಲಿ, ಭಾರತದಲ್ಲಿ ಮಿಷನರಿಯಾಗಿದ್ದು ಮರಳಿದ್ದ ಯೋಹಾನ್ನೆಸ್ ಹೆಸ್ಸೆಯವರ ಕೈಹಿಡಿದಳು. 1877ರಲ್ಲಿ ಹುಟ್ಟಿದ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟರು.

ಈ ಮೊಮ್ಮಗ ಹೆರ್ಮನ್ ಚುರುಕು, ಆದರೆ ಹಟಮಾರಿ. 1891ರಲ್ಲಿ ಅಜ್ಜ ಓದಿದ ಮೌಲ್‌ಬ್ರಾನಿಗೇ ಸೇರಿಸಿದರು. 1892ರ ಮಾರ್ಚ್ 7ರಂದು ಅವನು ಅಲ್ಲಿಂದ ಓಡಿಹೋದ. ಕೊರೆಯುವ ಚಳಿಯಲ್ಲಿ ರಾತ್ರಿಯನ್ನು ಹೊರಗೇ ಕಳೆದು ಮರುದಿನ ಸಿಕ್ಕಿಬಿದ್ದ. ಮನೆಗೆ ಬಂದಾಗ ಅಜ್ಜನನ್ನು ಕಾಣಬೇಕಾಗಿ ಬಂತು. ಮನೆತನದ ಹಿರಿಯರು, ದೊಡ್ಡ ವಿದ್ವಾಂಸರು. ಕಠಿಣವಾದ ವಿಚಾರಣೆಯೇ ನಡೆದೀತೆಂದು ಹುಡುಗ ನಡುಗುತ್ತ ಹೋದ. ವೃದ್ಧರು ಅವನ ಮುಖವನ್ನು ನೋಡಿ, ನೀನೊಂದು ಪ್ರತಿಭಾಶಾಲಿಗಳ ಕಿರುಪ್ರವಾಸ ಮಾಡಿ ಬಂದೆಯಂತಲ್ಲ ಎಂದು ಮೆಲ್ಲನೆ ಕೇಳಿದರು. ತಮ್ಮ ವಿದ್ಯಾರ್ಥಿ ಕಾಲದಲ್ಲಿ ಹುಡುಗರು ಇಂಥ ಸಾಹಸಗಳಿಗೆ ತಮಾಷೆಯಾಗಿ ಇಟ್ಟಿದ್ದ ಹೆಸರು ಅದು. ಹುಡುಗನ ಹೆದರಿಕೆ ಇಳಿಯಿತು.

ತಂದೆತಾಯಿಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಪ್ರಾರ್ಥನೆಗೂ ಇರಲಿಲ್ಲ. ಆದರೆ ಮಗನ ಸಂಕಟವನ್ನು ಗುಣಪಡಿಸಬೇಕಾದ ರೋಗವೆಂದು ಬಗೆದು, ಪ್ರಾರ್ಥನೆಯಿಂದ ವಾಸಿಮಾಡುವರೆಂದು ಹೆಸರಾದ ಬಾಡ್ ಬೋಲ್‌ನ ಪಾದ್ರಿಗಳ ಬಳಿಗೂ, ಬಳಿಕ ಸ್ಟೆಟ್ಟನ್ನಿನ ಆಶ್ರಯಸಂಸ್ಥೆಗೂ ಕಳುಹಿಸಿದರು. ಹುಡುಗ ಪ್ರಾಣವನ್ನೇ ಕಳೆದುಕೊಳ್ಳಲು ಯತ್ನಿಸುವಷ್ಟು ನೊಂದ. ತಂದೆಗೆ ರೋಷದ ಕಾಗದಗಳನ್ನು ಬರೆದ.

ಗುಂಡರ್ಟರು 1893ರ ಏಪ್ರಿಲ್ 25ರಂದು ತೀರಿಕೊಂಡರು. ಶಾಲೆ ಬಿಟ್ಟ ಮೊಮ್ಮಗ ಅಜ್ಜನ ಪುಸ್ತಕಗಳ ನಡುವೆ ತಾನಾಗಿ ಓದಿ ಬೆಳೆದ. ಸಿದ್ಧಾರ್ಥ ಕಾದಂಬರಿಯನ್ನು 1922ರಲ್ಲಿ ಪ್ರಕಟಿಸಿ, 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹೆರ್ಮನ್ ಹೆಸ್ಸೆ ಅವನೇ. 1902ರಲ್ಲಿ ತಾಯಿ ತೀರಿಕೊಂಡಾಗ ಅವನು ಅಂತ್ಯಕ್ರಿಯೆಗೆ ಹೋಗಲಿಲ್ಲ. ಅಜ್ಜನ ಆ ಮಾತನ್ನಾದರೋ ಮುಪ್ಪಿನಲ್ಲಿಯೂ ಪ್ರೀತಿಯಿಂದ ನೆನೆದು ಬರೆದಿಟ್ಟ.

ಗುಂಡರ್ಟರು ತಮ್ಮ ನಂಬಿಕೆಯನ್ನು ಎಳ್ಳಷ್ಟೂ ಸಡಿಲಿಸಿದವರಲ್ಲ. ಮಗಳ ಕಾಲಕ್ಕೂ ಮೊಮ್ಮಗನ ಕಾಲಕ್ಕೂ ಅವರ ದೇವರು ಒಬ್ಬನೇ, ಬೈಬಲೂ ಒಂದೇ. ಮಗಳ ವಿಷಯದಲ್ಲಿ ಅವರಿಂದ ಬಂದದ್ದು ತೀರ್ಪು. ಮೊಮ್ಮಗನಿಗೆ ದೊರೆತದ್ದು ಒಂದು ಪ್ರಶ್ನೆ. ಅದೇ ಶಾಲೆಯಲ್ಲಿ ತಾವೂ ಒಮ್ಮೆ ತೊಳಲಿದ್ದನ್ನು ಅವರು ಮರೆತಿರಲಾರರು. ದೂರದ ಹಾಸ್ಟೆಲಿನಿಂದ ಮುಖ ಸಪ್ಪೆಮಾಡಿಕೊಂಡು ಬಂದ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿ ವಿಚಾರಣೆಗೆ ತೊಡಗುವ ಮುನ್ನ, ನಮ್ಮ ಹದಿನಾಲ್ಕನೆಯ ವಯಸ್ಸನ್ನು ನಾವೂ ಒಂದಿಷ್ಟು ನೆನೆದುಕೊಂಡರೆ ಒಳ್ಳೆಯದು.