ನೆಲದಿಂದ ಲೇಸರ್ ಬಿಟ್ಟು ರಾಕೆಟ್ ಹಾರಿಸಬಹುದೇ? ಕಿವಿ ಕೇಳದ ಮೇಷ್ಟ್ರೊಬ್ಬರ ಕಥೆ

ರಾಕೆಟ್‌ಗೆ ಇನ್ನು ಇಂಧನವೇ ಬೇಡ, ನೆಲದಿಂದ ಲೇಸರ್ ಬಿಟ್ಟು ಹಾರಿಸುತ್ತಾರಂತೆ ಎಂಬ ಫಾರ್ವರ್ಡ್ ನಮ್ಮ ಕಿಬ್ಬನಹಳ್ಳಿಯ ಗ್ರೂಪಿಗೂ ಬಂತು. ಯೋಚನೆ ಸುಳ್ಳಲ್ಲ, ಆದರೆ ಹೊಸದೂ ಅಲ್ಲ. ಮೊದಮೊದಲು ಹಾಗೆ ಯೋಚಿಸಿದವರಲ್ಲಿ ಒಬ್ಬರು ರಷ್ಯಾದ ಶಾಲಾ ಮೇಷ್ಟ್ರು, ಕಾನ್‌ಸ್ಟಂಟೀನ್ ತ್ಸಿಯೋಲ್ಕೋವ್‌ಸ್ಕಿ.

ಹುಟ್ಟಿದ್ದು 1857ರಲ್ಲಿ. ಹತ್ತು ವರ್ಷವಾಗುವ ಹೊತ್ತಿಗೆ ಸ್ಕಾರ್ಲೆಟ್ ಜ್ವರ ಬಂದು ಕಿವಿ ಬಹುಮಟ್ಟಿಗೆ ಹೋಯಿತು. ಪಾಠ ಕೇಳಿಸದೆ ಶಾಲೆಯೂ ತಪ್ಪಿತು. ಕೆಲವು ವರ್ಷಗಳಲ್ಲಿ ತಾಯಿಯೂ ತೀರಿಕೊಂಡರು. 16ನೇ ವಯಸ್ಸಿಗೆ ಅಪ್ಪ ಮಾಸ್ಕೋಗೆ ಕಳಿಸಿದರು. ಅಲ್ಲಿ ಮೂರು ವರ್ಷ ಲೈಬ್ರರಿಯೇ ಶಾಲೆ. ಮನೆಯಿಂದ ಬಂದ ಚೂರುಪಾರು ಹಣವನ್ನೆಲ್ಲ ಪುಸ್ತಕ, ರಾಸಾಯನಿಕಗಳಿಗೆ ಸುರಿದು ಬರೀ ಬ್ರೆಡ್ ತಿಂದುಕೊಂಡಿದ್ದರು. ಆಮೇಲೆ ಮೇಷ್ಟ್ರ ಕೆಲಸ, 1892ರಿಂದ ಕಲೂಗಾ ಎಂಬ ಊರಲ್ಲಿ.

1902ರಲ್ಲಿ ಮಗ ಆತ್ಮಹತ್ಯೆ ಮಾಡಿಕೊಂಡ. ಮರುವರ್ಷವೇ ರಾಕೆಟ್‌ನಿಂದ ಬಾಹ್ಯಾಕಾಶ ತಲುಪುವ ಲೆಕ್ಕ ಅಚ್ಚಾಯಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಇವತ್ತು ಇಸ್ರೋ ಕೂಡ ಬಳಸುವುದು ಅದೇ ಲೆಕ್ಕವನ್ನು.

ಆ ಲೆಕ್ಕದಲ್ಲೇ ಒಂದು ತೊಡಕಿದೆ. ಕೆ.ಬಿ. ಕ್ರಾಸಿನಿಂದ ತೆಂಗಿನಕಾಯಿ ತುಂಬಿದ ಲಾರಿ ಹೊರಟರೆ ದಾರಿಯಲ್ಲಿ ಬಂಕ್ ಸಿಗುತ್ತದೆ. ರಾಕೆಟ್‌ಗೆ ಸಿಗಲ್ಲ. ಎಲ್ಲ ಇಂಧನ ಹೊತ್ತೇ ಏಳಬೇಕು, ಆ ಇಂಧನ ಎತ್ತಲು ಮತ್ತಷ್ಟು ಇಂಧನ ಬೇಕು. ಚಂದ್ರಯಾನ-3 ನೌಕೆ ನಾಲ್ಕು ಟನ್ನೂ ಇರಲಿಲ್ಲ; ಅದನ್ನು ಒಯ್ದ ರಾಕೆಟ್ ನೆಲ ಬಿಟ್ಟಾಗ ಸುಮಾರು 640 ಟನ್.

1924ರಲ್ಲಿ ಮೇಷ್ಟ್ರು ಬೇರೆ ದಾರಿ ಬರೆದಿಟ್ಟರು: ಶಕ್ತಿಯನ್ನು ನೆಲದಿಂದಲೇ ಕಿರಣವಾಗಿ ಕಳಿಸಿದರೆ? ನಮ್ಮ ಬೋರ್‌ವೆಲ್ ಮೋಟರ್ ಇಂಧನ ಹೊತ್ತಿರುವುದಿಲ್ಲ, ಕರೆಂಟ್ ಕಂಬದಿಂದ ಬರುತ್ತದೆ. ಇಲ್ಲಿ ವೈರ್ ಇಲ್ಲ, ಅಷ್ಟೇ. ಆದರೆ ಇಂಥ ನೌಕೆಗೂ ಹಿಂದಕ್ಕೆ ಚಿಮ್ಮಿಸಲು ಗಾಳಿಯೋ ಬೇರೆ ವಸ್ತುವೋ ಬೇಕೇ ಬೇಕು. ಏನೂ ಬೇಡ ಎಂಬ ಫಾರ್ವರ್ಡಿನ ಮಾತು ತಪ್ಪು.

ಅವರು 1935ರಲ್ಲಿ ತೀರಿಕೊಂಡರು. ಲೇಸರ್ ಬಂದದ್ದು 1960ರಲ್ಲಿ. ಅದರಿಂದ ಉಪಗ್ರಹ ಹಾರಿಸುವ ಲೆಕ್ಕವನ್ನು 1972ರಲ್ಲಿ ಅಮೆರಿಕದ ಆರ್ಥರ್ ಕಾಂಟ್ರೊವಿಟ್ಜ್ ಹಾಕಿದರು: ಒಂದು ಟನ್ನಿಗೆ ಸುಮಾರು 1,000 ಮೆಗಾವ್ಯಾಟ್ ಲೇಸರ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ತಿ ಸಾಮರ್ಥ್ಯವೇ 1,035 ಮೆಗಾವ್ಯಾಟ್! 2000ದಲ್ಲಿ ಅಮೆರಿಕದಲ್ಲೇ ಸುಮಾರು 50 ಗ್ರಾಂ ತೂಕದ ಪುಟ್ಟ ನೌಕೆಯೊಂದು ಲೇಸರ್ ಬಲದಿಂದ 71 ಮೀಟರ್ ಏರಿತು. ಮೂರು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟು.

ಕಕ್ಷೆಗೆ ಹೋದವೆಲ್ಲ ಇವತ್ತಿಗೂ ಇಂಧನ ಹೊತ್ತೇ ಹೋಗಿವೆ. ಪೀಣ್ಯದಲ್ಲಿ ತಯಾರಾದ ಆರ್ಯಭಟ 1975ರಲ್ಲಿ ಈ ಮೇಷ್ಟ್ರ ದೇಶದಿಂದಲೇ ಹಾರಿದ್ದೂ ಹಾಗೇ.