ಬಟಾಣಿ ಎಣಿಸಿದ ಮೆಂಡೆಲ್

ಮಕ್ಕಳೇ, ನಿಮ್ಮ ಹಿತ್ತಲಿನಲ್ಲಿ ಎಂದಾದರೂ ಬಟಾಣಿ ಬೆಳೆದಿದ್ದೀರಾ? ಚಳಿಗಾಲದ ತಂಪು ಅದಕ್ಕೆ ಬಲು ಇಷ್ಟ. ಬುಡದಲ್ಲಿ ನೀರು ನಿಲ್ಲಬಾರದು. ಬಳ್ಳಿ ಹಬ್ಬಲು ಕಡ್ಡಿ ಊರಿ, ದಾರ ಕಟ್ಟಿ ಆಸರೆ ಕೊಡಬೇಕು. ಇದೇ ಆರೈಕೆಯನ್ನು ಎಂಟು ವರ್ಷ ಮಾಡಿ ವಿಜ್ಞಾನಕ್ಕೆ ಹೊಸ ದಾರಿ ತೋರಿಸಿದವರು ಗ್ರೆಗರ್ ಮೆಂಡೆಲ್.

ಮೆಂಡೆಲ್ 1822ರಲ್ಲಿ ಇಂದಿನ ಚೆಕ್ ಗಣರಾಜ್ಯದ ಒಂದು ಹಳ್ಳಿಯಲ್ಲಿ ರೈತನ ಮಗನಾಗಿ ಜನಿಸಿದರು. ಓದಲು ಹಣವಿರಲಿಲ್ಲ. ತಂಗಿ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲನ್ನು ಅಣ್ಣನ ಓದಿಗೆ ಕೊಟ್ಟಳು. 1843ರಲ್ಲಿ ಅವರು ಬ್ರನೋ ನಗರದ ಕ್ರೈಸ್ತ ಮಠವನ್ನು ಸೇರಿದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದರೂ 1850ರ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಆದರೂ ಕಲಿಕೆ ನಿಲ್ಲಿಸದೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದರು.

1856ರಲ್ಲಿ ಮಠದ ತೋಟದಲ್ಲಿ ಅವರ ಪ್ರಯೋಗ ಆರಂಭವಾಯಿತು. ಬಟಾಣಿ ಹೂ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಆದ್ದರಿಂದ ಮೆಂಡೆಲ್ ಮೊಗ್ಗನ್ನು ಮೆಲ್ಲಗೆ ಬಿಡಿಸಿ, ಅದರ ಕೇಸರಗಳನ್ನು ತೆಗೆದು, ಬೇರೆ ತಳಿಯ ಪರಾಗವನ್ನು ಶಲಾಕಾಗ್ರಕ್ಕೆ ಸವರಿದರು.

ದುಂಡು ಬೀಜದ ತಳಿಯನ್ನು ಸುಕ್ಕು ಬೀಜದ ತಳಿಯೊಡನೆ ಬೆರೆಸಿದಾಗ ಬಂದ ಬೀಜಗಳೆಲ್ಲ ದುಂಡಾಗಿದ್ದವು! ಹಾಗಾದರೆ ಸುಕ್ಕು ಎಲ್ಲಿ ಹೋಯಿತು? ಆ ಬೀಜಗಳನ್ನೇ ಮತ್ತೆ ಬಿತ್ತಿದರು. 253 ಗಿಡಗಳಿಂದ 7,324 ಬೀಜಗಳು ಸಿಕ್ಕವು. ಎಣಿಸಿ ನೋಡಿದರೆ 5,474 ದುಂಡು, 1,850 ಸುಕ್ಕು. ಅಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು! ಸುಕ್ಕಿನ ಗುಣ ಅಳಿದಿರಲಿಲ್ಲ, ಒಂದು ತಲೆಮಾರು ಅಡಗಿತ್ತು ಅಷ್ಟೆ. ಪ್ರತಿ ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಅಂಶ ಬರುತ್ತದೆ ಎಂದು ಅವರು ತಿಳಿದರು. ಆ ಅಂಶವನ್ನೇ ಇಂದು ನಾವು ಜೀನ್ ಎನ್ನುತ್ತೇವೆ.

1865ರಲ್ಲಿ ಮೆಂಡೆಲ್ ಇದನ್ನು ವಿದ್ವಾಂಸರ ಮುಂದೆ ಮಂಡಿಸಿದರು. ಮರುವರ್ಷ ಅದು ಅಚ್ಚಾಯಿತು. ಆದರೆ ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. 1884ರಲ್ಲಿ ಅವರು ತೀರಿಕೊಂಡರು. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ವಿಜ್ಞಾನಿಗಳು ತಮ್ಮ ಪ್ರಯೋಗಗಳಲ್ಲೂ ಇದನ್ನೇ ಕಂಡರು. ಆಗ ಜಗತ್ತು ಮೆಂಡೆಲ್ ಅವರನ್ನು ಗುರುತಿಸಿತು.

ನಮ್ಮ ಧಾರವಾಡ ಸಮೀಪದ ಮುಗದದಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುವ ಕೃಷಿ ಸಂಶೋಧನಾ ಕೇಂದ್ರವಿದೆ. ತಳಿ ಬೆರೆಸಿ ಹೊಸ ತಳಿ ಪಡೆಯುವ ವಿಜ್ಞಾನಕ್ಕೆ ಮೆಂಡೆಲ್ ಅವರ ಬಟಾಣಿ ಲೆಕ್ಕವೇ ತಳಪಾಯ.

ಈ ಚಳಿಗಾಲದಲ್ಲಿ ನೀವೂ ನಾಲ್ಕು ಬಟಾಣಿ ಕಾಳು ಬಿತ್ತಿರಿ. ಕಾಯಿ ಬಿಡಿಸುವಾಗ ಒಂದೊಂದರಲ್ಲಿ ಎಷ್ಟು ಕಾಳಿವೆ ಎಂದು ಎಣಿಸಿ, ವಹಿಯಲ್ಲಿ ಬರೆದಿಡಿ. ಮೆಂಡೆಲ್ ಮಾಡಿದ್ದೂ ಅದನ್ನೇ: ಬೆಳೆದರು, ಎಣಿಸಿದರು, ಬರೆದಿಟ್ಟರು.